ಗುಜರಿಯಿಂದ ಮೇಲೆದ್ದ ಲಿಬರೇಟರ್

1948ರಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ನಾಲ್ಕು ಎಂಜಿನ್ನಿನ ಭಾರಿ ವಿಮಾನಗಳು ಒಂದೊಂದಾಗಿ ಹಾರಿಬರತೊಡಗಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದಿದ್ದ ಬಾಂಬರ್‌ಗಳವು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ದಳ ಹುಟ್ಟಿದ್ದು ಈ ಗುಜರಿಯಿಂದಲೇ. ಅದಕ್ಕೆ ಜೀವ ತುಂಬಿದ್ದು ಬೆಂಗಳೂರಿನ ಕಾರ್ಖಾನೆ.

ವಿಮಾನದ ಹೆಸರು ಬಿ-24 ಲಿಬರೇಟರ್. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಇದು 1939ರ ಡಿಸೆಂಬರ್ 29ರಂದು ಮೊದಲ ಬಾರಿ ಹಾರಿತು. ಒಟ್ಟು ತಯಾರಾದದ್ದು 18 ಸಾವಿರಕ್ಕೂ ಹೆಚ್ಚು. ಬೇರೆ ಯಾವ ಭಾರಿ ಬಾಂಬರೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಮೋಟಾರು ಕಾರಿಗೆ ಹೆಸರಾದ ಫೋರ್ಡ್ ಕಂಪನಿ ತನ್ನ ವಿಲೋ ರನ್ ಕಾರ್ಖಾನೆಯಲ್ಲಿ ಒಂದು ಹಂತದಲ್ಲಿ ಗಂಟೆಗೊಂದರಂತೆ ಇವನ್ನು ಹೊರತಂದಿತು.

ಲಿಬರೇಟರ್‌ನ ಗುಟ್ಟು ಅದರ ರೆಕ್ಕೆಯಲ್ಲಿತ್ತು. ಡೇವಿಡ್ ಡೇವಿಸ್ ಎಂಬಾತ ರೂಪಿಸಿದ ಆ ರೆಕ್ಕೆ ತುದಿಯಿಂದ ತುದಿಗೆ 110 ಅಡಿ ಉದ್ದ. ಅಗಲ ಮಾತ್ರ ಕಿರಿದು. ಇಂಥ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ. ಹಾಗಾಗಿ ಅದೇ ಇಂಧನದಲ್ಲಿ ಹೆಚ್ಚು ದೂರ ಹೋಗಬಹುದು. ರೆಕ್ಕೆಯನ್ನು ಮೈಯ ಮೇಲ್ಭಾಗದಲ್ಲಿ ಕೂರಿಸಿದ್ದರಿಂದ ಕೆಳಗೆ ಬಾಂಬು ತುಂಬಲು ವಿಶಾಲ ಜಾಗ ಸಿಕ್ಕಿತು. ಬಾಂಬು ಕೋಣೆಯ ಬಾಗಿಲುಗಳು ಅಂಗಡಿಯ ಷಟರಿನಂತೆ ಮೇಲಕ್ಕೆ ಸುತ್ತಿಕೊಳ್ಳುತ್ತಿದ್ದವು. ತೆರೆದಾಗಲೂ ಅವು ಗಾಳಿಗೆ ಅಡ್ಡ ಬರುತ್ತಿರಲಿಲ್ಲ.

ಆದರೆ ಈ ಅನುಕೂಲಕ್ಕೆ ಬೆಲೆ ತೆರಬೇಕಿತ್ತು. ರೆಕ್ಕೆಗೆ ಪೆಟ್ಟು ಬಿದ್ದರೆ ವಿಮಾನ ತಾಳಿಕೊಳ್ಳುತ್ತಿದ್ದುದು ಕಡಿಮೆ. ಅದನ್ನು ಹಾರಿಸುವುದಕ್ಕೂ ಪೈಲಟ್‌ಗಳು ತೋಳ್ಬಲ ಖರ್ಚು ಮಾಡಬೇಕಾಗಿತ್ತು.

ದೂರ ಹೋಗುವ ಈ ಗುಣವೇ ಲಿಬರೇಟರನ್ನು ಭಾರತಕ್ಕೆ ತಂದಿತು. ಬರ್ಮಾ, ಮಲಯಾಗಳು ಜಪಾನಿನ ವಶದಲ್ಲಿದ್ದ ಕಾಲವದು. 1944ರ ಅಕ್ಟೋಬರಿನಲ್ಲಿ ಬಂಗಾಳದಿಂದ ಹೊರಟ ಬ್ರಿಟಿಷ್ ವಾಯುಪಡೆಯ ಲಿಬರೇಟರ್‌ಗಳು ಪೆನಾಂಗ್ ಬಂದರಿನಲ್ಲಿ ನೀರುಸಿಡಿಗುಂಡುಗಳನ್ನು ಬಿತ್ತಿ ಮರಳಿದವು. ಹೋಗಿಬರುವ ದಾರಿ ಸುಮಾರು ಮೂರು ಸಾವಿರ ಮೈಲಿ.

ಯುದ್ಧ ಮುಗಿದ ಮೇಲೆ ಇವು ಯಾರಿಗೂ ಬೇಡವಾದವು. ಅಮೆರಿಕ ಇವನ್ನು 'ಲೆಂಡ್-ಲೀಸ್' ಎಂಬ ಎರವಲು ಒಪ್ಪಂದದಲ್ಲಿ ಬ್ರಿಟನ್ನಿಗೆ ಕೊಟ್ಟಿತ್ತು. ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು. ಕಾನ್ಪುರದಲ್ಲಿ ಸಾಲಾಗಿ ನಿಂತಿದ್ದ ಲಿಬರೇಟರ್‌ಗಳನ್ನು ಬ್ರಿಟಿಷರು ಜಖಂಗೊಳಿಸಿ, ಮತ್ತೆ ಹಾರದಂತೆ ಮಾಡಿ ಹೋದರು.

ಅವನ್ನು ಮತ್ತೆ ಹಾರಿಸುವ ಹೊಣೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯ ಪಾಲಿಗೆ ಬಂತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಕಂಪನಿ ಇದು, ಇಂದಿನ ಎಚ್.ಎ.ಎಲ್. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆ ಈ ಕಾರ್ಖಾನೆಯನ್ನು ತನ್ನ ದುರಸ್ತಿ ಕೇಂದ್ರವಾಗಿ ಬಳಸಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಗೆ ಬರುತ್ತಿದ್ದವು. ಕ್ಯಾಟಲಿನಾ ಮತ್ತು ಡಕೋಟಾಗಳಲ್ಲಿದ್ದ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ನ ಇನ್ನೊಂದು ಮಾದರಿಯೇ ಲಿಬರೇಟರ್‌ನಲ್ಲೂ ಇತ್ತು. ಬೆಂಗಳೂರಿನ ಕೆಲಸಗಾರರ ಕೈಗೆ ಆ ಯಂತ್ರ ಹೊಸದಾಗಿರಲಿಲ್ಲ.

ತಂತ್ರಜ್ಞರು ಕಾನ್ಪುರಕ್ಕೆ ಹೋಗಿ ಒಂದು ವಿಮಾನದ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಕಂಪನಿಯ ಪರೀಕ್ಷಾ ಪೈಲಟ್ ಜಂಶೆದ್ ಮುನ್ಷಿ ಅವನ್ನು ಹಾರಿಸಿ ತಂದರು. ಲಿಬರೇಟರ್ ಹಾರಿಸುವ ತರಬೇತಿಯೇ ಅವರಿಗೆ ಆಗಿರಲಿಲ್ಲ. ದಾರಿಯಲ್ಲಿ ಯಾವ ಭಾಗ ಕೈಕೊಟ್ಟರೂ ಪ್ರಾಣಕ್ಕೇ ಸಂಚಕಾರ. ಹೀಗೆ ಬಂದವು 42. ಬೆಂಗಳೂರಿನಲ್ಲಿ ಅವಕ್ಕೆ ಪೂರ್ಣ ದುರಸ್ತಿಯಾಯಿತು.

1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಆರಂಭವಾಯಿತು. 1957ರಲ್ಲಿ ಅದಕ್ಕೆ ಜೆಟ್ ಬಾಂಬರ್ ಕ್ಯಾನ್‌ಬೆರಾ ಬಂತು. ಆದರೂ ಲಿಬರೇಟರ್‌ಗೆ ಕೆಲಸ ತಪ್ಪಲಿಲ್ಲ. ಬಾಂಬು ಹೊತ್ತು ದೂರ ಹೋಗಲೆಂದು ಮಾಡಿದ ಆ ರೆಕ್ಕೆ ಸಮುದ್ರದ ಕಾವಲಿಗೆ ಒದಗಿತು. 6ನೇ ಸ್ಕ್ವಾಡ್ರನ್ 1968ರವರೆಗೆ ಇವನ್ನು ಕಡಲ ಮೇಲೆ ಹಾರಿಸಿತು.

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಬಹುಪಾಲು ಲಿಬರೇಟರ್‌ಗಳು ಕರಗಿ ಅಲ್ಯುಮಿನಿಯಂ ಆಗಿದ್ದವು. ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳು ಭಾರತದಿಂದಲೇ ಅವನ್ನು ಪಡೆದುಕೊಂಡವು. ಭಾರತದಿಂದ ಹೋದ ಒಂದು ವಿಮಾನ 1989ರಲ್ಲಿ ಅಮೆರಿಕದಲ್ಲಿ ಮತ್ತೆ ಹಾರಿತು. ನಾಶ ಮಾಡಬೇಕೆಂದಿದ್ದ ಒಪ್ಪಂದದ ಕಡೆಯವರಿಗೇ ಬೆಂಗಳೂರಿನ ರಿಪೇರಿ ಅವರ ಇತಿಹಾಸವನ್ನು ಉಳಿಸಿಕೊಟ್ಟಿತ್ತು.