ತಗ್ಗು ಅಟ್ಟಕ್ಕೆ ಎಂಥ ದೀಪ?

ಜೇಜುರಿಯ ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗನೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೂ ಬೆಳಗಾವಿ ಜಿಲ್ಲೆಯ ಮಂಗಸೂಳಿಗೂ ನಡೆದುಕೊಳ್ಳುವವರಿಗೆ ಪುಣೆ ಜಿಲ್ಲೆಯ ಜೇಜುರಿ ಗುಡ್ಡವೂ ತಮ್ಮ ದೇವರ ನೆಲೆ. ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿಗಳಲ್ಲಿ ಊರು ತುಂಬಿ ತುಳುಕುತ್ತದೆ. ಇಂಥ ಊರಿನಲ್ಲಿ ಹಳೆಯ ಮನೆಯ ಅಟ್ಟ ಸುಮ್ಮನೆ ಬಿದ್ದಿದ್ದರೆ, ಬರುವ ಭಕ್ತರಿಗೆ ಅದನ್ನೊಂದು ಮಲಗುವ ಕೋಣೆ ಮಾಡೋಣ ಎನ್ನಿಸುವುದು ಸಹಜ.

ಆದರೆ ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರ ಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಇಳಿಜಾರು ಮಾಡಿನ ಅಟ್ಟ ನಡುವೆ ಏಳಡಿ, ಅಂಚಿನಲ್ಲಿ ನಾಲ್ಕಡಿ ಇದ್ದರೆ ಅದೇ ಹೆಚ್ಚು. ಅಲ್ಲಿ ತೂಗುದೀಪ ಕಟ್ಟಿದರೆ ಅಂಗಿ ಕಳಚಲು ಕೈಯೆತ್ತಿದವರಿಗೆ ತಗಲುತ್ತದೆ. ಫಾಲ್ಸ್ ಸೀಲಿಂಗ್ ಮಾಡಿ ದೀಪ ಹುದುಗಿಸಲು ಹೋದರೆ ಮೂರ್ನಾಲ್ಕು ಇಂಚು ಎತ್ತರ ಅದಕ್ಕೇ ಹೋಯಿತು. ಸೀಲಿಂಗ್ ಫ್ಯಾನಂತೂ ಬೇಡವೇ ಬೇಡ; ಅದರ ರೆಕ್ಕೆಗೂ ನೆಲಕ್ಕೂ 2.4 ಮೀಟರ್ ಅಂತರವಿರಬೇಕು. ಗೋಡೆಯ ಫ್ಯಾನ್ ಹಾಕಿ.

ತಗ್ಗು ಕೋಣೆಯಲ್ಲಿ ಬೆಳಕು ಮಾಡಿನಿಂದ ಇಳಿಯಬಾರದು, ಗೋಡೆಯಿಂದ ಮಾಡಿಗೆ ಏರಬೇಕು. ನಮ್ಮ ಹಳೆಯ ಮನೆಗಳಲ್ಲಿ ಹಣತೆ ಗೋಡೆಯ ಗೂಡಿನಲ್ಲಿ ಕೂರುತ್ತಿತ್ತಲ್ಲ, ಆ ಜಾಗವೇ ಸರಿ. ಮಾಡಿನಲ್ಲಿ ಏಳಡಿ ಎತ್ತರಕ್ಕೆ ಕೂರಿಸಿದ ದೀಪ ನಿಂತವರ ಕಣ್ಣಿಗೆ ಎರಡಡಿಯೂ ದೂರವಿರುವುದಿಲ್ಲ, ಮಲಗಿದವರ ಕಣ್ಣಿಗೆ ನೇರ ಚುಚ್ಚುತ್ತದೆ. ಸುತ್ತಲ ಇಳಿಜಾರು ಕತ್ತಲಲ್ಲೇ ಉಳಿದು ಮಾಡು ಇನ್ನಷ್ಟು ಕೆಳಗಿಳಿದಂತೆ ಕಾಣುತ್ತದೆ. ಅದರ ಬದಲು ಗೋಡೆ ಮತ್ತು ಇಳಿಜಾರು ಸೇರುವ ಅಂಚಿನಲ್ಲಿ, ಅಲ್ಯೂಮಿನಿಯಂ ಪಟ್ಟಿಯೊಳಗೆ, ಎಲ್‌ಇಡಿ ಸ್ಟ್ರಿಪ್ಪನ್ನು ಮೇಲ್ಮುಖವಾಗಿ ಕೂರಿಸಿ. ಮಾಡಿನ ಒಳಮೈಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದಿದ್ದರೆ ಇಡೀ ಇಳಿಜಾರೇ ದೀಪವಾಗುತ್ತದೆ.

ಎಷ್ಟು ವ್ಯಾಟ್? ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ ಸುಮಾರು 11 ಚದರ ಮೀಟರ್. ಮಲಗುವ ಕೋಣೆಗೆ 100 ಲಕ್ಸ್, ಅಂದರೆ ಚದರ ಮೀಟರಿಗೆ 100 ಲ್ಯೂಮೆನ್ ಬೆಳಕು, ಎಂದು ಹಿಡಿದರೆ 1,100 ಲ್ಯೂಮೆನ್ ಬೇಕು. ಮಾಡಿಗೆ ಬಡಿದು ಮರಳುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗಬಹುದು, ಆದ್ದರಿಂದ 2,500 ಲ್ಯೂಮೆನ್ ಇಟ್ಟುಕೊಳ್ಳಿ. ವ್ಯಾಟಿಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿಯಾದರೆ 25 ವ್ಯಾಟ್ ಸಾಕು. ಬಣ್ಣ 2,700ರಿಂದ 3,000 ಕೆಲ್ವಿನ್ ಇರಲಿ. ಓದುವವರಿಗೆ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಬೇರೆ ದೀಪ ಬೇಕೇ ಬೇಕು.

ಮಾಡು ತಗಡಿನದಾದರೆ ಬಿಸಿಲಿನದೇ ದೊಡ್ಡ ಚಿಂತೆ. ಚೈತ್ರದ ಜಾತ್ರೆಯ ಹೊತ್ತಿಗೆ ಕಾದ ತಗಡಿನ ಕೆಳಗೆ ಎಲ್‌ಇಡಿ ಸ್ಟ್ರಿಪ್ಪಿಗಿಂತ ಮೊದಲು ಸಾಯುವುದು ಅದಕ್ಕೆ ಕರೆಂಟು ಹದಮಾಡಿ ಕೊಡುವ ಡ್ರೈವರ್. ಅದರೊಳಗಿನ ಕೆಪಾಸಿಟರಿನ ಆಯುಷ್ಯ ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡ್ರೈವರನ್ನು ತಗಡಿನ ಪಕ್ಕ ಸಿಕ್ಕಿಸದೆ ಗೋಡೆಯ ಕೆಳಭಾಗದಲ್ಲಿ, ಗಾಳಿಯಾಡುವ, ಕೈಗೆ ಸಿಗುವ ಕಡೆ ಇಡಿ. ಹಂಚಿನ ಮಾಡಾದರೆ ಒಂದೆರಡು ಗಾಜಿನ ಹಂಚು ಹಾಕಿಸಿದರೆ ಹಗಲಿಗೆ ದೀಪವೇ ಬೇಡ.

ಜೇಜುರಿಯಲ್ಲಿ ಇನ್ನೊಂದು ವಿಷಯವಿದೆ: ಭಂಡಾರ. ಗುಡ್ಡದಲ್ಲಿ ಎರಚಿದ ಅರಿಸಿನ ಬಟ್ಟೆ, ಕೂದಲುಗಳಲ್ಲಿ ಕೂತು ಕೋಣೆಗೂ ಬರುತ್ತದೆ. ತೆರೆದ ಸ್ಟ್ರಿಪ್ಪಿನ ಮೇಲೆ ಆ ಪುಡಿ ಕೂತರೆ ಬೆಳಕು ಮಂಕಾಗುತ್ತದೆ. ಒರೆಸಬಹುದಾದ ಮುಚ್ಚಳವಿರುವ ಪಟ್ಟಿಯನ್ನೇ ಕೊಳ್ಳಿ.

ಮರದ ತೊಲೆಯ ಮೇಲೆ ಬರಿ ವೈರ್ ಎಳೆಸಬೇಡಿ, ಇಲಿ ಕಡಿದರೆ ಬೆಂಕಿಯ ಭಯ. ಪೈಪಿನೊಳಗೆ ಹಾಯಿಸಿ, ವಿದ್ಯುತ್ ಸೋರಿದರೆ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಅಟ್ಟದ ಏಣಿಮೆಟ್ಟಿಲಿಗೆ ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್ ಇರಲಿ. ಹೊಸ ಜಾಗದಲ್ಲಿ ನಡುರಾತ್ರಿ ಎದ್ದ ವಯಸ್ಸಾದವರು ಕತ್ತಲಲ್ಲಿ ಮೆಟ್ಟಿಲು ತಡಕುವಂತಾಗಬಾರದು.