ಬೂಷ್ಟಿನಿಂದ ಬಂದ ಕೊಲೆಸ್ಟರಾಲ್ ಔಷಧ

ಕೊಲೆಸ್ಟರಾಲ್ ತಗ್ಗಿಸಲು ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆಗಳ ಮೂಲ ಶಿಲೀಂಧ್ರದಲ್ಲಿದೆ. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗಲು ಬೇಕಾದ ಕಿಣ್ವವನ್ನು ತಡೆಯುವ ವಸ್ತು ಯಾವುದಾದರೂ ಶಿಲೀಂಧ್ರದಲ್ಲಿ ಇರಬಹುದೆಂದು ಊಹಿಸಿದ ಜಪಾನಿನ ವಿಜ್ಞಾನಿ ಅಕಿರಾ ಎಂಡೊ, 1971ರಲ್ಲಿ ಸ್ಯಾಂಕ್ಯೊ ಕಂಪನಿಯಲ್ಲಿ ಹುಡುಕಾಟ ಆರಂಭಿಸಿ, ಸಾವಿರಾರು ತಳಿಗಳನ್ನು ಪರೀಕ್ಷಿಸಿ, ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಲ್ಲಿ ದೊರೆತ ಪೆನಿಸಿಲಿಯಂ ಸಿಟ್ರಿನಂ ಎಂಬ ನೀಲಿ-ಹಸಿರು ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಮಾರುಕಟ್ಟೆಗೆ ಬರಲಿಲ್ಲವಾದರೂ, ಮರ್ಕ್ ಕಂಪನಿಯು ಆಸ್ಪರ್ಜಿಲಸ್ ಟೆರಿಯಸ್ ಎಂಬ ಮತ್ತೊಂದು ಶಿಲೀಂಧ್ರದಿಂದ ಪಡೆದ, ರಚನೆಯಲ್ಲಿ ಅದನ್ನೇ ಹೋಲುವ ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದ ಅನುಮತಿ ದೊರೆಯಿತು.

ಲೊವಾಸ್ಟ್ಯಾಟಿನ್ ತಯಾರಿಕೆಯಲ್ಲಿ ಈ ಶಿಲೀಂಧ್ರದ ಬೀಜಕಗಳನ್ನು ಮೊದಲು ಸಣ್ಣ ಪಾತ್ರೆಯಲ್ಲಿ ಮೊಳೆಯಿಸಿ, ಅನಂತರ ಸಕ್ಕರೆ ಹಾಗೂ ಸಾರಜನಕಯುಕ್ತ ಪೋಷಕಗಳಿರುವ ಕ್ರಿಮಿಶುದ್ಧ ದ್ರವ ತುಂಬಿದ ಉಕ್ಕಿನ ತೊಟ್ಟಿಗೆ, ಅಂದರೆ ಫರ್ಮೆಂಟರ್‌ಗೆ ಸೇರಿಸಿ, ಶುದ್ಧ ಗಾಳಿ ಹಾಯಿಸುತ್ತ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ದಿನ ಬೆಳೆಸಲಾಗುತ್ತದೆ. ಬೆಳವಣಿಗೆ ನಿಧಾನಿಸಿದಾಗ ಶಿಲೀಂಧ್ರವು ಬೆಳೆಯಲು ನೇರವಾಗಿ ಬೇಕಿಲ್ಲದ ವಸ್ತುಗಳನ್ನು, ಅಂದರೆ ದ್ವಿತೀಯಕ ಚಯಾಪಚಯ ವಸ್ತುಗಳನ್ನು ಉತ್ಪಾದಿಸತೊಡಗುತ್ತದೆ, ಲೊವಾಸ್ಟ್ಯಾಟಿನ್ ಅಂಥವುಗಳಲ್ಲೊಂದು. ಶಿಲೀಂಧ್ರದ ಎಳೆಗಳು ಹೆಣೆದುಕೊಂಡು ದ್ರವ ಮಂದವಾದರೆ ಆಮ್ಲಜನಕ ಎಲ್ಲೆಡೆ ತಲುಪದೆ ಇಳುವರಿ ಕುಸಿಯುವುದರಿಂದ, ಕಲಕುವ ವೇಗವನ್ನೂ ಆಮ್ಲೀಯತೆಯನ್ನೂ ಸತತವಾಗಿ ಹತೋಟಿಯಲ್ಲಿಡಬೇಕಾಗುತ್ತದೆ. ಕೊನೆಗೆ ದ್ರಾವಕದಿಂದ ಔಷಧವನ್ನು ಸೆಳೆದು, ಶುದ್ಧೀಕರಿಸಿ, ಹರಳುಗಟ್ಟಿಸುತ್ತಾರೆ. ಹೀಗೆ ತೊಟ್ಟಿಯಲ್ಲಿ ಬೆಳೆಸುವ ಹುದುಗುವಿಕೆಯ ಪರಿಣತಿಯಿಂದಲೇ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಸ್ಟ್ಯಾಟಿನ್ ತಯಾರಿಕೆಗೆ ಇಳಿದು ವಿದೇಶಗಳಿಗೆ ರಫ್ತು ಮಾಡತೊಡಗಿತು.