ಟವರಿನಿಂದ ಇಳಿದು ಬಂದ ಗಡಿಯಾರ

ನಿಮ್ಮ ಮನೆಯಲ್ಲಿ ಎಷ್ಟು ಗಡಿಯಾರಗಳಿವೆ ಅಂತ ಒಮ್ಮೆ ಎಣಿಸಿ ನೋಡಿ. ಗೋಡೆ ಮೇಲೊಂದು, ಕೈಯಲ್ಲೊಂದು, ಮೈಕ್ರೊವೇವ್‌ನಲ್ಲೊಂದು, ಕಾರಿನಲ್ಲೊಂದು. ನಾಲ್ಕೂ ಒಂದೇ ಟೈಮ್ ತೋರಿಸುವ ಮನೆಯನ್ನು ನಾನಂತೂ ನೋಡಿಲ್ಲ. ಯಾವುದು ಸರಿ ಅಂತ ತಿಳಿಯಬೇಕಾದರೆ ಎಲ್ಲರೂ ಮಾಡುವುದು ಒಂದೇ, ಜೇಬಿನಿಂದ ಫೋನ್ ತೆಗೆದು ನೋಡುವುದು. ಫೋನಿಗೆ ಟೈಮ್ ಹೇಳಿದ್ದು ಯಾರು? ನೆಟ್‌ವರ್ಕ್. ನೆಟ್‌ವರ್ಕ್‌ಗೆ ಹೇಳಿದ್ದು? ಈ ಪ್ರಶ್ನೆಯ ಬಾಲ ಹಿಡಿದು ಹೋದರೆ ಬಹಳಷ್ಟು ಸಲ ಸಿಗುವುದು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳೊಳಗಿನ ಪರಮಾಣು ಗಡಿಯಾರ.

ಆ ಗಡಿಯಾರದ ನಿಖರತೆಯನ್ನು ಹಿಡಿದು ಕೊಡುವ ಒಂದು ಸೆಕೆಂಡ್ ಹ್ಯಾಂಡ್ ಡಬ್ಬಿ ಈಗ ನಮ್ಮ ಮನೆಯ ಶೆಲ್ಫ್ ಮೇಲೆ ಕೂತಿದೆ. ಅದರ ಹೆಸರು ಜಿಪಿಎಸ್ ಡಿಸಿಪ್ಲಿನ್ಡ್ ಆಸಿಲೇಟರ್, ಚಿಕ್ಕದಾಗಿ ಜಿಪಿಎಸ್‌ಡಿಒ. ಹಿಂದೆ ಮೊಬೈಲ್ ಟವರಿನ ಕೆಳಗೆ ದುಡಿದು, ನಿವೃತ್ತಿಯಾಗಿ, ಗುಜರಿ ದಾರಿಯಲ್ಲಿ ನನ್ನ ಕೈಗೆ ಬಂದದ್ದು.

ಜಾರುವ ದನಿ

ಹಗಲಲ್ಲಿ ನಾನು ಕೋಡ್ ಬರೆಯುವವನು. ಸಂಜೆ ಹೊತ್ತಿಗೆ ಹ್ಯಾಮ್ ರೇಡಿಯೊ. 2018ರ ನವೆಂಬರ್‌ನಲ್ಲಿ ಉಡಾವಣೆಯಾದ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಒಂದು ಟ್ರಾನ್ಸ್‌ಪಾಂಡರ್ ಇದೆ, ಹೆಸರು ಕ್ಯೂಒ-100. ಬೆಂಗಳೂರಿನಿಂದ ನೋಡಿದರೆ ಪಶ್ಚಿಮಕ್ಕೆ ಸುಮಾರು 30 ಡಿಗ್ರಿ ಎತ್ತರದಲ್ಲಿ ಅದು ನಿಂತಿರುತ್ತದೆ. ಲೈಸೆನ್ಸ್ ಇರುವವರು 2,400 ಮೆಗಾಹರ್ಟ್ಸ್‌ನಲ್ಲಿ ಮಾತು ಕಳಿಸಿದರೆ, ಅದು 10,489 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ವಾಪಸ್ ಬರುತ್ತದೆ. ಕೇಳಲು ಡಿಟಿಎಚ್‌ನಂಥ ಡಿಶ್, ಅದರ ಎಲ್‌ಎನ್‌ಬಿ ಸಾಕು.

ತೊಂದರೆ ಇರುವುದು ಆ ಎಲ್‌ಎನ್‌ಬಿಯೊಳಗಿನ ಅಗ್ಗದ ಹರಳಿನಲ್ಲಿ. ಬಿಸಿಲು ಬಿದ್ದರೆ, ಮೋಡ ಕವಿದರೆ ಅದರ ಫ್ರೀಕ್ವೆನ್ಸಿ ಬದಲಾಗುತ್ತದೆ. ಹತ್ತು ಲಕ್ಷಕ್ಕೆ ಒಂದೇ ಪಾಲು ಜಾರಿದರೂ 10 ಗಿಗಾಹರ್ಟ್ಸ್ ಹತ್ತಿರ ಅದು ಸುಮಾರು 10 ಕಿಲೋಹರ್ಟ್ಸ್ ಆಗುತ್ತದೆ. ಒಬ್ಬರ ಮಾತಿಗೆ ಬೇಕಾದ ಜಾಗವೇ ಮೂರು ಕಿಲೋಹರ್ಟ್ಸ್‌ಗಿಂತ ಕಡಿಮೆ. ಅಂದರೆ ಮಾತಾಡುತ್ತಿದ್ದವರು ಕಣ್ಣೆದುರೇ ಮೂರು ಮನೆ ದಾಟಿ ಹೋದ ಹಾಗೆ. ಸ್ವಲ್ಪವೇ ಜಾರಿದರೂ ದನಿ ಕೀರಲಾಗುತ್ತದೆ, ಇಲ್ಲವೇ ಗೊಗ್ಗರಾಗುತ್ತದೆ.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಜೊತೆ ವಾರಕ್ಕೆರಡು ಸಲ ನನ್ನ ಮಾತುಕತೆ. ಎಪ್ಪತ್ತು ದಾಟಿದವರು. ಪ್ರತಿ ಐದು ನಿಮಿಷಕ್ಕೊಮ್ಮೆ ಅವರ ದನಿಯನ್ನು ಹುಡುಕಿ ಹಿಡಿಯಬೇಕಾಗುತ್ತಿತ್ತು. ಒಂದು ಸಂಜೆ ಅವರೇ ಕೇಳಿದರು, "ಜಾರ್ತಾ ಇರೋದು ನಿನ್ನ ರೇಡಿಯೊನೋ ನಂದೋ ಹೇಳಪ್ಪ. ನನಗೂ ಕಿವಿ ಮಂದ ಆಗ್ತಿದೆ. ಇದನ್ನೆಲ್ಲ ಬಿಟ್ಟುಬಿಡೋಣ ಅನ್ನಿಸ್ತಿದೆ."

"ನೋಡಿ ಹೇಳ್ತೀನಿ ಸಾರ್" ಅಂದೆ. ಆದರೆ ಯಾವುದರಿಂದ ನೋಡುವುದು? ನನ್ನ ಹತ್ತಿರ ಎರಡು ಫ್ರೀಕ್ವೆನ್ಸಿ ಕೌಂಟರ್ ಇದ್ದವು, ಒಂದು ಹೊಸದು, ಇನ್ನೊಂದು ನನಗಿಂತ ಸ್ವಲ್ಪವೇ ಚಿಕ್ಕದು. ಒಂದೇ ಸಿಗ್ನಲ್ ಕೊಟ್ಟರೆ ಹೊಸದು 1,00,00,012 ಹರ್ಟ್ಸ್ ಅಂತು, ಹಳೆಯದು 99,99,991 ಅಂತು. ಸಂತೆಯಲ್ಲಿ ಎರಡು ತಕ್ಕಡಿ ಎರಡು ತೂಕ ತೋರಿಸಿದರೆ ಮೂರನೇ ತಕ್ಕಡಿ ತಂದು ಪ್ರಯೋಜನವಿಲ್ಲ. ಮುದ್ರೆ ಬಿದ್ದ ತೂಕದ ಕಲ್ಲು ಬೇಕು.

ಹರಳಿನ ಗುಣ, ಉಪಗ್ರಹದ ಗುಣ

ಬಹುತೇಕ ಎಲ್ಲ ಎಲೆಕ್ಟ್ರಾನಿಕ್ ಗಡಿಯಾರದ ಒಳಗೂ ಒಂದು ಕ್ವಾರ್ಟ್ಜ್ ಹರಳು ಕಂಪಿಸುತ್ತಿರುತ್ತದೆ. ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ 20 ಪಾಲು ತಪ್ಪಬಹುದು, ದಿನಕ್ಕೆ ಸುಮಾರು 1.7 ಸೆಕೆಂಡ್. ಹರಳಿನ ದೊಡ್ಡ ಶತ್ರು ಉಷ್ಣತೆ. ಅದಕ್ಕೇ ಒಳ್ಳೆಯ ಹರಳನ್ನು ಪುಟ್ಟ ಒಲೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ, ಹೊರಗೆ ಚಳಿಯಿರಲಿ ಬಿಸಿಲಿರಲಿ, ಒಂದೇ ಬಿಸಿಯಲ್ಲಿ ಇಡುತ್ತಾರೆ. ಇದು ಓವನ್ ಆಸಿಲೇಟರ್. ಇವತ್ತು, ಈ ಗಂಟೆ, ಈ ನಿಮಿಷಕ್ಕೆ ಇದು ಬಹಳ ಸ್ಥಿರ. ಆದರೆ ಹರಳಿಗೂ ವಯಸ್ಸಾಗುತ್ತದೆ. ತಿಂಗಳು, ವರ್ಷ ಕಳೆದಂತೆ ಮೆಲ್ಲಗೆ ಒಂದು ಕಡೆಗೆ ಸರಿಯುತ್ತಾ ಹೋಗುತ್ತದೆ.

ಜಿಪಿಎಸ್‌ನದು ಇದಕ್ಕೆ ಉಲ್ಟಾ ಸ್ವಭಾವ. ಉಪಗ್ರಹದಲ್ಲಿ ಸೀಸಿಯಂ, ರುಬಿಡಿಯಂ ಗಡಿಯಾರಗಳಿವೆ. ನೆಲದಿಂದ ಅವುಗಳ ಮೇಲೆ ಸದಾ ನಿಗಾ ಇರುತ್ತದೆ. ಐನ್‌ಸ್ಟೈನ್ ಲೆಕ್ಕವೂ ಇದರಲ್ಲಿ ಸೇರಿದೆ: ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ, ಅಷ್ಟನ್ನು ಮೊದಲೇ ತಗ್ಗಿಸಿ ಕಳಿಸಿರುತ್ತಾರೆ. ದೀರ್ಘ ಕಾಲಕ್ಕೆ ಇದು ಸರಿಯೇ ಸರಿ. ಆದರೆ ಸಿಗ್ನಲ್ ವಾತಾವರಣ ದಾಟಿ ಬರುವಷ್ಟರಲ್ಲಿ, ರಿಸೀವರ್ ಕೊಡುವ ಸೆಕೆಂಡಿನ ಬಡಿತ ಹತ್ತಾರು ನ್ಯಾನೊಸೆಕೆಂಡ್ ಆಚೀಚೆ ಆಗುತ್ತದೆ.

ನಮ್ಮೂರಿಗೆ ಬೆಳಗ್ಗೆ ಏಳರ ಬಸ್ಸು ಅಂತ ಒಂದಿದೆ ಅಂದುಕೊಳ್ಳಿ. ಒಂದು ದಿನ ಐದು ನಿಮಿಷ ಮೊದಲು, ಇನ್ನೊಂದು ದಿನ ಐದು ನಿಮಿಷ ತಡ. ಒಂದು ದಿನದ ಬಸ್ಸು ನೋಡಿ ವಾಚ್ ತಿರುಗಿಸಿದರೆ ಕೆಟ್ಟಿರಿ. ಆದರೆ ಮೂರು ತಿಂಗಳು ಬರೆದಿಟ್ಟು ಸರಾಸರಿ ತೆಗೆದರೆ ನಿಮ್ಮ ವಾಚ್ ದಿನಕ್ಕೆಷ್ಟು ಹಿಂದೆ ಬೀಳುತ್ತಿದೆ ಅಂತ ಗೊತ್ತಾಗಿಬಿಡುತ್ತದೆ. ಜಿಪಿಎಸ್‌ಡಿಒ ಮಾಡುವುದು ಇದನ್ನೇ. ಕ್ಷಣಕ್ಷಣಕ್ಕೆ ಹರಳನ್ನು ನಂಬುತ್ತದೆ, ಉಪಗ್ರಹದ ಬಡಿತವನ್ನು ನಿಧಾನವಾಗಿ ಸರಾಸರಿ ಮಾಡಿಕೊಂಡು, ಒಂದು ಸಣ್ಣ ವೋಲ್ಟೇಜ್‌ನಿಂದ ಹರಳನ್ನು ಬೇಕಾದಷ್ಟೇ ಎಳೆಯುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ಗೆ ಬಾಯಿಪಾಠ ಮಾಡಿದ ಫೀಡ್‌ಬ್ಯಾಕ್ ಲೂಪ್, ಕಣ್ಣಿಗೆ ಕಾಣುವ ಹಾಗೆ. ದಿನದ ಸರಾಸರಿ ತೆಗೆದರೆ ತಪ್ಪು ಲಕ್ಷ ಕೋಟಿಗೆ ಕೆಲವೇ ಪಾಲು. ಲಕ್ಷ ಕೋಟಿಗೆ ಒಂದು ಪಾಲು ಅಂದರೆ, ಸುಮಾರು 31 ಸಾವಿರ ವರ್ಷಕ್ಕೆ ಒಂದು ಸೆಕೆಂಡ್.

501 ರೂಪಾಯಿಯ ಫೋನ್ ನೆನಪಿದೆಯಾ?

ಇಷ್ಟು ನಿಖರವಾದ ಯಂತ್ರ ಗುಜರಿಗೆ ಯಾಕೆ ಬಂತು? 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಕೊಟ್ಟ ಫೋನ್ ನಿಮ್ಮ ಮನೆಗೂ ಬಂದಿರಬಹುದು. ಅದು ಸಿಡಿಎಂಎ. ಅದರಲ್ಲಿ ಎಲ್ಲ ಟವರ್‌ಗಳೂ ಒಂದೇ ಕೋಡ್ ಕಳಿಸುತ್ತವೆ, ಒಂದೊಂದೂ ಸ್ವಲ್ಪ ಸ್ವಲ್ಪ ತಡವಾಗಿ. ಎರಡು ಟವರ್‌ಗಳ ನಡುವಿನ ಕನಿಷ್ಠ ಅಂತರ ಸುಮಾರು 52 ಮೈಕ್ರೊಸೆಕೆಂಡ್. ಫೋನ್ ಆ ಅಂತರ ನೋಡಿಯೇ ಇದು ಯಾವ ಟವರ್ ಅಂತ ಗುರುತಿಸಬೇಕು. ಹಾಗಾಗಿ ಪ್ರತಿ ಟವರಿಗೂ ಪಕ್ಕಾ ಗಡಿಯಾರ ಬೇಕೇ ಬೇಕಿತ್ತು. ಜಿಪಿಎಸ್ ಸಿಗ್ನಲ್ ಕೆಲವು ಗಂಟೆ ಹೋದರೂ ಓವನ್ ಹರಳಿನ ಬಲದಲ್ಲಿ ಸಂಭಾಳಿಸಬೇಕಿತ್ತು. ಎಚ್‌ಪಿಯ ಜೆಡ್3801ಎ ಇಂಥದ್ದೇ ಕೆಲಸಕ್ಕೆ ತಯಾರಾದದ್ದು. ಟ್ರಿಂಬಲ್ ಕಂಪನಿಯ ಥಂಡರ್‌ಬೋಲ್ಟ್ ಕೂಡ ಇದೇ ಜಾತಿ.

4ಜಿ ಬಂದಮೇಲೆ ದೇಶದಿಂದ ದೇಶಕ್ಕೆ ಸಿಡಿಎಂಎ ಮುಚ್ಚುತ್ತಾ ಬಂತು. ಅಮೆರಿಕದ ವೆರೈಝನ್ 2022ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಟವರ್ ಸಾಮಾನು ಕಳಚಿದಾಗ ಈ ಡಬ್ಬಿಗಳು ತೂಕದ ಲೆಕ್ಕದಲ್ಲಿ ಹೊರಬಿದ್ದವು. ಲ್ಯಾಬಿನವರು ಹೊಸದಾಗಿ ಕೊಳ್ಳಲು ದೊಡ್ಡ ಮೊತ್ತ ತೆರುವ ಗುಣಮಟ್ಟ, ನನಗೆ ಮಧ್ಯಮ ದರ್ಜೆಯ ಫೋನಿನ ಬೆಲೆಯೊಳಗೆ ಸಿಕ್ಕಿತು.

ಮೊಸರಿಗೂ ಆಯಿತು

ನಾನು ತರಿಸಿದ್ದು ಥಂಡರ್‌ಬೋಲ್ಟ್. ಅದಕ್ಕೆ +12, -12, +5 ವೋಲ್ಟ್ ಮೂರೂ ಬೇಕು. ಆಂಟೆನಾಗೆ ಆಕಾಶ ಕಾಣಬೇಕು. ಮನೆ ಓನರ್ ಆಂಟಿ "ಡಿಶ್ ಇರೋ ಕಡೆನೇ ಹಾಕ್ಕೊಳಪ್ಪ, ಹೊಸ ತೂತು ಮಾತ್ರ ಕೊರೀಬೇಡ" ಅಂದರು. ಮೊದಲು ಅದು ತಾನಿರುವ ಜಾಗವನ್ನು ಸೆಕೆಂಡಿಗೊಂದರಂತೆ 2,000 ಸಲ ಅಳೆದುಕೊಳ್ಳುತ್ತದೆ, ಸುಮಾರು 33 ನಿಮಿಷ. ಜಾಗ ಪಕ್ಕಾ ಆದಮೇಲೆ ಒಂದೇ ಉಪಗ್ರಹ ಕಂಡರೂ ಸಮಯ ಹಿಡಿಯಬಲ್ಲದು. ಲೇಡಿ ಹೆದರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದೆಲ್ಲ ಗ್ರಾಫ್ ಆಗಿ ಕಾಣುತ್ತದೆ.

ಡಬ್ಬಿ ಹೇಳುವ ತಾರೀಖು ಮಾತ್ರ ತಮಾಷೆ. ಜಿಪಿಎಸ್ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಈ ಮಾಡೆಲ್ 2017ರ ಜುಲೈ 30ರಿಂದ ಸುಮಾರು 19.6 ವರ್ಷ ಹಿಂದಿನ ತಾರೀಖು ಹೇಳುತ್ತಿದೆ. ಸಾಫ್ಟ್‌ವೇರ್ ಅದನ್ನು ತಿದ್ದಿಕೊಳ್ಳುತ್ತದೆ. 10 ಮೆಗಾಹರ್ಟ್ಸ್‌ಗೆ ಇದರಿಂದ ಏನೂ ಆಗುವುದಿಲ್ಲ.

ಊರಿಂದ ಬಂದ ಅಮ್ಮ ಅದನ್ನು ಮುಟ್ಟಿ ನೋಡಿ, "ಏನೋ ಇದು, ಇಡೀ ದಿನ ಬೆಚ್ಚಗಿರುತ್ತೆ? ಮೊಸರು ಹೆಪ್ಪು ಹಾಕೋಕೆ ಚೆನ್ನಾಗಿದೆ" ಅಂದಳು. ಮೇಲೆ ಇಡಬೇಡಮ್ಮ, ಹರಳಿಗೆ ಬಿಸಿ ಹೆಚ್ಚುಕಮ್ಮಿ ಆಗಬಾರದು ಅಂತ ಹೇಳಿ, ಪಕ್ಕದ ಖಾನೆ ಬಿಟ್ಟುಕೊಟ್ಟೆ. ಬೆಂಗಳೂರಿನ ಡಿಸೆಂಬರ್‌ನಲ್ಲೂ ಮೊಸರು ಗಟ್ಟಿಯಾಗಿ ಆಯಿತು.

ತೀರ್ಪು

ಮೂರು ದಿನ ಓಡಲು ಬಿಟ್ಟು, ಅದರ 10 ಮೆಗಾಹರ್ಟ್ಸ್ ಅನ್ನು ಎರಡೂ ಕೌಂಟರ್‌ಗೆ ಕೊಟ್ಟೆ. ಹೊಸದು 18 ಹರ್ಟ್ಸ್ ಹೆಚ್ಚು ತೋರಿಸಿತು, ಹಳೆಯದು 3 ಹರ್ಟ್ಸ್ ಕಡಿಮೆ. ಹಳೇ ಮುದುಕನೇ ಹೆಚ್ಚು ಪ್ರಾಮಾಣಿಕ! ಈಗ ಅದರ ಹಿಂದಿನ ಎಕ್ಸ್‌ಟರ್ನಲ್ ರೆಫರೆನ್ಸ್ ಪಿನ್ನಿಗೆ ಈ ಸಿಗ್ನಲ್ ಕಾಯಂ ಆಗಿ ಜೋಡಿಸಿದ್ದೇನೆ.

ಆಮೇಲೆ ಎಲ್‌ಎನ್‌ಬಿ. ಅದರ 25 ಮೆಗಾಹರ್ಟ್ಸ್ ಹರಳನ್ನು ಕಿತ್ತು, 10 ಮೆಗಾಹರ್ಟ್ಸ್‌ನಿಂದ ಹುಟ್ಟಿಸಿದ 25 ಮೆಗಾಹರ್ಟ್ಸ್ ಅನ್ನು ಕೇಬಲ್‌ನಲ್ಲಿ ಕಳಿಸಿದೆ. ಇದರ 390 ಪಟ್ಟು 9,750 ಮೆಗಾಹರ್ಟ್ಸ್, ಎಲ್‌ಎನ್‌ಬಿಗೆ ಬೇಕಾದದ್ದು ಅಷ್ಟೇ. ಉಪಗ್ರಹದ ಬೀಕನ್ ಪರದೆ ಮೇಲೆ ಮೊಳೆ ಹೊಡೆದಂತೆ ನಿಂತಿತು.

ಆ ಸಂಜೆ ಮೇಷ್ಟ್ರು ಬಂದರು. ಬೀಕನ್ ಅಲ್ಲೇ ಇದೆ, ಅವರ ದನಿ ಹತ್ತು ನಿಮಿಷದಲ್ಲಿ 700 ಹರ್ಟ್ಸ್ ಸರಿಯಿತು, ಅರ್ಧ ಗಂಟೆಯ ನಂತರ ತಾನಾಗಿ ನಿಂತಿತು. ಅಂದರೆ ಅವರ ಟ್ರಾನ್ಸ್‌ಮಿಟರ್ ಬಿಸಿಯೇರುವಷ್ಟು ಹೊತ್ತು ಜಾರುತ್ತಿತ್ತು. ಅವರು ಏನನ್ನೂ ಕೊಳ್ಳಬೇಕಾಗಲಿಲ್ಲ. "ಸಾರ್, ಕಾಫಿಗೆ ಮುಂಚೆ ರಿಗ್ ಆನ್ ಮಾಡಿ, ಕಾಫಿ ಆದಮೇಲೆ ಮಾತಾಡೋಣ" ಅಂದೆ. "ಅಷ್ಟೇನಾ!" ಅಂತ ನಕ್ಕರು. ಬಿಡುವ ಮಾತು ಆಮೇಲೆ ಎತ್ತಲೇ ಇಲ್ಲ.

ಕೊಳ್ಳುವ ಮುನ್ನ

ಆಸೆಯಾದರೆ ಕೆಲವು ಮಾತು ನೆನಪಿಡಿ. ಹರಳನ್ನು ಎಳೆಯುವ ಕಂಟ್ರೋಲ್ ವೋಲ್ಟೇಜ್ ಎಷ್ಟಿದೆ ಅಂತ ಮಾರುವವರಿಂದ ಸ್ಕ್ರೀನ್‌ಶಾಟ್ ಕೇಳಿ. ಅದು ಮಿತಿಯ ತುದಿ ಮುಟ್ಟಿದ್ದರೆ ಹರಳಿಗೆ ತೀರಾ ವಯಸ್ಸಾಗಿದೆ, ಇನ್ನು ಎಳೆಯಲು ಜಾಗವಿಲ್ಲ. ಪವರ್ ಸಪ್ಲೈ ಶಬ್ದ ಮಾಡುವಂಥದ್ದಾದರೆ ಆ ಗಲಾಟೆ ಸಿಗ್ನಲ್‌ಗೂ ಅಂಟುತ್ತದೆ. ಕೇಬಲ್ ಉದ್ದವಾದರೆ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡ, ಆದರೆ ಫ್ರೀಕ್ವೆನ್ಸಿ ಕೆಡುವುದಿಲ್ಲ. ಕರೆಂಟ್ ಸುಮಾರು 10 ವ್ಯಾಟ್, ದಿನವಿಡೀ ಓಡಿದರೆ ತಿಂಗಳಿಗೆ ಏಳು ಯೂನಿಟ್. ಆಗಾಗ ಆಫ್ ಮಾಡಿದರೆ ಹರಳು ಮತ್ತೆ ನೆಲೆಗೊಳ್ಳಬೇಕು, ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನೊಂದು ವಿಷಯ. ಈ ನಿಖರತೆಯೆಲ್ಲ ಇನ್ನೊಂದು ದೇಶದ ಉಪಗ್ರಹದಿಂದ ಎರವಲು ಬಂದದ್ದು. ನಮ್ಮ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತರಿಸಿದ್ದ ಮೂರೂ ರುಬಿಡಿಯಂ ಗಡಿಯಾರ ಕೆಟ್ಟ ಸುದ್ದಿ 2017ರಲ್ಲಿ ಬಂತು. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ಮೊದಲ ಸಲ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. ನಾವಿಕ್‌ನ ಸಮಯ ಕಾಯುವ ಕೇಂದ್ರಗಳಲ್ಲಿ ಒಂದು ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ. ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ಟವರ್‌ಗಳಿಂದ ಇಳಿದು ಗುಜರಿಗೆ ಬೀಳುವ ಡಬ್ಬಿಗಳಲ್ಲಿ ನಾವಿಕ್ ಕೇಳುವಂಥವೂ ಇದ್ದರೆ, ಮೊದಲು ಕೊಳ್ಳುವವರಲ್ಲಿ ನಾನೂ ಒಬ್ಬ.